ಮೆತ್ತದೆ ಬಿಟ್ಟ ಗೋಡೆ

ನಿಮ್ಮ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದೆ, ಹುಳ ಹಿಡಿಯುವುದು ಅಂತ. ಕೇಳಿದವರು ಮುಖ ಸಿಂಡರಿಸಿದರೆ ನನಗೆ ಇನ್ನೂ ಖುಷಿ. ಸೊಳ್ಳೆಯಲ್ಲ, ಮರಳುನೊಣ ಅಂತ ವಿವರಿಸಲು ಕೂರುತ್ತಿದ್ದೆ. ಸೊಳ್ಳೆಯ ಮೂರರಲ್ಲಿ ಒಂದು ಪಾಲಿನಷ್ಟು ಗಾತ್ರ, ಮೈತುಂಬ ಕೂದಲು, ಕೂತಾಗ ಎರಡೂ ರೆಕ್ಕೆ ಮೇಲೆತ್ತಿಕೊಂಡೇ ಕೂರುತ್ತದೆ. ಹಾರುವುದಕ್ಕಿಂತ ಕುಪ್ಪಳಿಸುವುದೇ ಜಾಸ್ತಿ. ಕಚ್ಚುವವರೆಗೂ ಸದ್ದಿಲ್ಲ. ಅದನ್ನು ಗೋಡೆಯ ಬಿರುಕಿನಿಂದ ಗಾಜಿನ ಕೊಳವೆಯಲ್ಲಿ ಉಸಿರೆಳೆದು ಹಿಡಿದು, ರಾಯಚೂರಿಗೆ ಒಯ್ದು, ಸೂಕ್ಷ್ಮದರ್ಶಕದ ಕೆಳಗಿಟ್ಟು ಯಾವ ಜಾತಿ ಅಂತ ಬರೆದಿಡುವುದು ನನ್ನ ನೌಕರಿ. ಈಗ ಯಾರಾದರೂ ಕೇಳಿದರೆ ಲ್ಯಾಬಿನಲ್ಲಿದ್ದೇನೆ ಅಂತಷ್ಟೇ ಹೇಳಿ ಮಾತು ಬದಲಿಸುತ್ತೇನೆ.

ನಾನಿರುವುದು ಮಾನ್ವಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಯಲ್ಲಿ. ತಿಂಗಳಿಗೊಮ್ಮೆ ಬೆಳಗಿನ ಜಾವ ಸ್ಕೂಟಿ ಹತ್ತಿ ಹಿರೇಕೊಟ್ನೆಕಲ್ ಕಡೆಯ ಒಂದು ಊರಿಗೆ ಹೋಗಬೇಕಿತ್ತು. ಅಲ್ಲಿ ಒಂದು ದನದ ಕೊಟ್ಟಿಗೆ ನಮ್ಮ ಖಾಯಂ ಠಾಣೆ. ಖಾಯಂ ಠಾಣೆ ಅಂದರೆ ಪ್ರತಿ ತಿಂಗಳೂ ಅದೇ ಜಾಗ, ಅದೇ ಗೋಡೆ, ಅದೇ ಹೊತ್ತು. ಒಂದು ಗಂಟೆಯಲ್ಲಿ ಎಷ್ಟು ನೊಣ ಸಿಕ್ಕವು ಎಂದು ಎಣಿಸಿ ಹಿಂದಿನ ತಿಂಗಳಿಗೆ ಹೋಲಿಸುವುದು. ಸಿಕ್ಕವುಗಳಲ್ಲಿ ಹೆಚ್ಚಿನವು ಹಲ್ಲಿಗಳನ್ನು ಕಚ್ಚಿ ಬದುಕುವ ಜಾತಿಯವು, ಮನುಷ್ಯರ ತಂಟೆಗೆ ಹೆಚ್ಚು ಬರುವುದಿಲ್ಲ. ನಾವು ಹುಡುಕುತ್ತಿದ್ದುದು ಕಾಲು ಬೆಳ್ಳಗೆ ಹೊಳೆಯುವ ಇನ್ನೊಂದು ಜಾತಿಯನ್ನು. ಲೀಷ್ಮೇನಿಯಾ ಎಂಬ ಕಣ್ಣಿಗೆ ಕಾಣದ ಜೀವಿಯನ್ನು ಒಬ್ಬರಿಂದ ಒಬ್ಬರಿಗೆ ಹೊತ್ತು ತಿರುಗುವುದು ಅದು. ಬಿಹಾರದ ಕಡೆ ಅದರಿಂದ ಬರುವ ಜ್ವರ ಹೊಟ್ಟೆಯೊಳಗಿನ ಗುಲ್ಮವನ್ನು ಉಬ್ಬಿಸಿ ಜೀವ ತೆಗೆಯುತ್ತದೆ. ಇನ್ನು ಕೆಲವು ಕಡೆ ಕಚ್ಚಿದ ಜಾಗದಲ್ಲಿ ಹುಣ್ಣಾಗಿ ತಿಂಗಳುಗಟ್ಟಲೆ ಮಾಯುವುದಿಲ್ಲ. ಇದೆಲ್ಲ ನನಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಜೊತೆಗೆ ಇನ್ನೊಂದನ್ನೂ ಹೇಳಿದ್ದರು, ಈ ರೋಗ ನಮ್ಮ ಕಡೆ ಇಲ್ಲ ಅಂತ. ನಾನು ಗಟ್ಟಿಯಾಗಿ ಕಲಿತಿದ್ದು ಆ ಒಂದೇ ಪಾಠ ಇರಬೇಕು.

ನಮ್ಮ ಸಾಹೇಬರು ತಮಾಷೆ ಮಾಡುತ್ತಿದ್ದರು, ಆ ರೋಗ ನಮ್ಮಲ್ಲಿಗೆ ಬಂದರೆ ಬಿಹಾರದಿಂದ ಮಾನ್ವಿಯ ರೈಸ್ ಮಿಲ್ಲಿಗೆ ಕೂಲಿಗೆ ಬರುವವರ ಜೊತೆ ರೈಲಿನಲ್ಲಿ ಬರಬೇಕು ಅಂತ. ನಾವೆಲ್ಲ ನಗುತ್ತಿದ್ದೆವು. ನಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ, ಯಾಕೆಂದರೆ ನನ್ನದು ಗುತ್ತಿಗೆ ನೌಕರಿ.

ಆ ಕೊಟ್ಟಿಗೆ ಒಬ್ಬ ಅವ್ವನದು. ವಯಸ್ಸು ಐವತ್ತು ದಾಟಿರಬೇಕು, ಗಂಡ ತೀರಿಹೋಗಿ ಬಹಳ ವರ್ಷ. ಒಬ್ಬ ಮಗ, ಮಾನ್ವಿಯ ಮಿಲ್ಲಿನಲ್ಲಿ ಅಕ್ಕಿಚೀಲ ಹೊಲಿಯುತ್ತಿದ್ದ. ಇದ್ದದ್ದು ಒಂದೇ ಕೋಣೆಯ ಮನೆ. ಮಗನ ಮದುವೆಯಾದ ಮರುದಿನವೇ ಅವ್ವ ತಾನು ಮಲಗುವ ಹೊರಸನ್ನು ತಾನೇ ಹೊತ್ತುಕೊಂಡು ಹೋಗಿ ಕೊಟ್ಟಿಗೆಯಲ್ಲಿ ಹಾಕಿಕೊಂಡಿದ್ದಳು. ಒಂದು ಕಡೆ ಎಮ್ಮೆ, ಒಂದು ಕಡೆ ಅವ್ವ, ನಡುವೆ ಹೊಟ್ಟಿನ ಚೀಲ. ಹೊರಸು ಆನಿಕೊಂಡಿದ್ದು ಹಿಂದಿನ ಗೋಡೆಗೆ. ಕಲ್ಲಿಗೆ ಮಣ್ಣು ಮೆತ್ತಿ ಕಟ್ಟಿದ ಗೋಡೆ ಅದು. ಆಚೆ ಬದಿಗೆ ಕಾಲುವೆಯ ನೀರು ಹಾಯುವ ಭತ್ತದ ಗದ್ದೆ, ಹಾಗಾಗಿ ಬೇಸಿಗೆಯಲ್ಲೂ ಬುಡ ತಂಪು. ಬಿರುಕುಗಳಲ್ಲಿ ಬೆರಳು ಹೋಗುತ್ತಿತ್ತು. ಮರಳುನೊಣಕ್ಕೆ ಅದಕ್ಕಿಂತ ಚೆಂದದ ಮನೆ ಇರಲಿಕ್ಕಿಲ್ಲ. ನಾನು ಹೋದಾಗಲೆಲ್ಲ ಅವ್ವ ಕೌದಿ ಮಡಚಿ, ಹೊರಸನ್ನು ಪಕ್ಕಕ್ಕೆ ಎಳೆದು ನನಗೆ ಜಾಗ ಮಾಡಿಕೊಡುತ್ತಿದ್ದಳು. ಆ ಹೊರಸಿಗೆ ಒಂದು ಕೈ ನಾನೂ ಹಚ್ಚುತ್ತಿದ್ದೆ. ಅಂದರೆ ಅವಳು ಎಲ್ಲಿ ಮಲಗುತ್ತಾಳೆ ಎನ್ನುವುದು ನನಗೆ ಗೊತ್ತಿರಲಿಲ್ಲ ಅಂತ ಹೇಳುವ ಹಾಗಿಲ್ಲ.

ಊರಲ್ಲಿ ನನ್ನನ್ನು ಹುಳದ ಅಕ್ಕಾರು ಅನ್ನುತ್ತಿದ್ದರು. ಅವ್ವ ಮಾತ್ರ ಹುಳ ಬಿಟ್ಟು ಬರೀ ಅಕ್ಕಾರ ಅನ್ನುತ್ತಿದ್ದಳು. ಕೊಳವೆ ಬಾಯಲ್ಲಿಟ್ಟುಕೊಂಡು ನಾನು ಉಸಿರೆಳೆಯುವಾಗ ಪಕ್ಕದಲ್ಲಿ ಕೂತು, "ಹೊಟ್ಟ್ಯಾಗ ಹೋಗಂಗಿಲ್ಲೇನ್ರೀ ಅವು?" ಅಂತ ಪ್ರತಿ ಸಲ ಕೇಳುತ್ತಿದ್ದಳು. ಕೊಳವೆಯ ನಡುವೆ ಜಾಲರಿ ಇದೆ ಅಂತ ಪ್ರತಿ ಸಲ ಹೇಳುತ್ತಿದ್ದೆ.

ಮಹಾನವಮಿಗೆ ಮುಂಚೆ ನಮ್ಮ ಕಡೆ ಮನೆಮನೆಯಲ್ಲೂ ಗೋಡೆ ಮೆತ್ತುವ ಕೆಲಸ. ಹೊಲದಿಂದ ಮಣ್ಣು ತಂದು, ಹೊಟ್ಟು ಬೆರೆಸಿ, ತುಳಿದು, ಬಿರುಕಿಗೆಲ್ಲ ತುಂಬಿ, ಮೇಲೆ ಸುಣ್ಣ ಕೊಟ್ಟು, ಬುಡಕ್ಕೆ ಕೆಮ್ಮಣ್ಣಿನ ಅಂಚು ಎಳೆದರೆ ಹಬ್ಬಕ್ಕೆ ಮನೆ ತಯಾರು. ದನದ ಕೊಟ್ಟಿಗೆಗೂ ಅದೇ ಮರ್ಯಾದೆ. ನಮ್ಮವ್ವ ಬದುಕಿರುವವರೆಗೂ ಇದನ್ನು ಮಾಡಿದಳು. ಅವಳ ಉಗುರಲ್ಲಿ ಹಬ್ಬ ಮುಗಿದರೂ ಕೆಂಪು ಹೋಗುತ್ತಿರಲಿಲ್ಲ. ಆ ವರ್ಷ ನಾನು ಹೋದ ದಿನ ಈ ಅವ್ವನೂ ಅಂಗಳದಲ್ಲಿ ಮಣ್ಣು ನೆನೆಹಾಕಿದ್ದಳು.

"ನಾಳಿ ಈ ಗ್ವಾಡಿ ಮೆತ್ತತೀನ್ರಿ. ನಿಮ್ಮ ಕೆಲಸ ಇವತ್ತ ಮುಗಿಸ್ಕೋರಿ" ಅಂದಳು.

ನನ್ನ ತಲೆಯಲ್ಲಿ ಬಂದದ್ದು ಮುಂದಿನ ತಿಂಗಳ ಎಣಿಕೆ. ಬಿರುಕು ಮುಚ್ಚಿದರೆ ನೊಣ ಎಲ್ಲಿ ಕೂರುತ್ತದೆ? ಗೋಡೆ ಬದಲಾದರೆ ಹಿಂದಿನ ತಿಂಗಳುಗಳಿಗೆ ಹೋಲಿಸುವುದು ಹೇಗೆ? ಇದು ಹೊರಗೆ ಹೇಳಿಕೊಳ್ಳಬಹುದಾದ ಕಾರಣ. ಒಳಗಿನ ಕಾರಣ ಬೇರೆ ಇತ್ತು. ಆ ಗೋಡೆಯಲ್ಲಿ ಸಿಕ್ಕಷ್ಟು ನೊಣ ಬೇರೆ ಯಾರ ಠಾಣೆಯಲ್ಲೂ ಸಿಗುತ್ತಿರಲಿಲ್ಲ. ರಾಯಚೂರಿನ ಸಭೆಯಲ್ಲಿ ಸಾಹೇಬರು ನನ್ನ ಶೀಶೆಗಳನ್ನು ಎತ್ತಿ ತೋರಿಸಿ, ನೋಡಿ, ಕೆಲಸ ಅಂದರೆ ಹೀಗಿರಬೇಕು ಅಂದಿದ್ದರು. ಆ ಮಾತು ಇನ್ನೊಮ್ಮೆ ಕೇಳಬೇಕಿತ್ತು ನನಗೆ.

"ಯವ್ವಾ, ಇದೊಂದು ಗ್ವಾಡಿ ಹಿಂಗ ಬಿಡ್ರಿ" ಅಂದೆ. "ಉಳಿದದ್ದೆಲ್ಲ ಮೆತ್ರಿ. ಇದು ಸರಕಾರದ ಲೆಕ್ಕದಾಗ ಅದ."

ಅವ್ವ ನಕ್ಕಳು. "ನಮ್ಮ ಗ್ವಾಡಿ ಸರಕಾರದ ಲೆಕ್ಕದಾಗ ಅದೇನ್ರಿ? ಹಬ್ಬದಾಗ ಹಿಂಗ ಬಿಟ್ರ ಮಂದಿ ಏನಂದಾರು?"

"ನಾ ಹೇಳೀನಿ ಅಂತ ಹೇಳ್ರಿ."

ಅವಳು ಗೋಡೆ ನೋಡಿದಳು, ನನ್ನನ್ನು ನೋಡಿದಳು. "ನೀವು ಕಲತವ್ರು, ಸುಮ್ನ ಹೇಳಂಗಿಲ್ಲ. ನಿಮ್ಮ ಮಾತಿಗೆ ಬಿಡ್ತೀನಿ" ಅಂದಳು. ಮುಂದಿನ ತಿಂಗಳು ಹೋದಾಗ ಮೂರು ಗೋಡೆ ಬೆಳ್ಳಗೆ, ಅಂಚು ಕೆಂಪಗೆ. ಹೊರಸಿನ ಹಿಂದಿನ ಗೋಡೆ ಮಾತ್ರ ಹಳೆಯ ಹಾಗೇ ಹರಕು. ಅವತ್ತು ಎಂದಿಗಿಂತ ಹೆಚ್ಚು ನೊಣ ಸಿಕ್ಕವು. ಉಳಿದ ಮೂರು ಗೋಡೆಯವೂ ಇಲ್ಲಿಗೇ ಬಂದು ಸೇರಿಕೊಂಡಿದ್ದಿರಬಹುದು. ಬೆಳ್ಳಿಕಾಲಿನವೂ ನಾಲ್ಕಾರು ಇದ್ದವು. ಜಾತಿ ಬರೆದು, ಪಕ್ಕದ ಅಂಕಣದಲ್ಲಿ ರೋಗದ ವರದಿ ಇಲ್ಲ ಅಂತ ಬರೆದು ಸಹಿ ಮಾಡಿದೆ.

ಚಳಿ ಮುಗಿಯುವ ಹೊತ್ತಿಗೆ ಅವ್ವನ ಎಡಗೆನ್ನೆಯ ಮೇಲೆ ಒಂದು ಗುಳ್ಳೆ ಎದ್ದಿತ್ತು. ತೊಗರಿಕಾಳಿನಷ್ಟು, ಕೆಂಪಗೆ. "ಅಕ್ಕಾರ, ಇದೇನ್ರಿ ನೋಡ್ರಿ ಜರಾ" ಅಂತ ಮುಖ ಮುಂದೆ ತಂದಳು. ನನ್ನ ಬಾಯಲ್ಲಿ ಕೊಳವೆ ಇತ್ತು, ಕಣ್ಣು ಬಿರುಕಿನಲ್ಲಿತ್ತು. ಏನಿಲ್ಲ, ಒಣಗುತ್ತದೆ ಎನ್ನುವ ಹಾಗೆ ತಲೆಯಾಡಿಸಿದೆ. ಅವಳು ನಂಬಿದಳು.

ಅದು ಒಣಗಲಿಲ್ಲ. ಮುಂದಿನ ತಿಂಗಳಿಗೆ ದೊಡ್ಡದಾಯಿತು. ಅದರ ಮುಂದಿನ ತಿಂಗಳಿಗೆ ನಡುವೆ ಗುಂಡಿ ಬಿದ್ದು, ಸುತ್ತ ದಡ ಎದ್ದು, ಮೇಲೆ ಹಕ್ಕಳೆ ಕಟ್ಟಿತು. ನೋವಿಲ್ಲ ಅನ್ನುತ್ತಿದ್ದಳು. ನೋವಿಲ್ಲ ಅಂದಮೇಲೆ ಫಿಕರ್ ಯಾಕೆ ಅಂತ ನಾನೂ ಬಿಟ್ಟೆ. ಮಾನ್ವಿಯಲ್ಲಿ ಯಾರೋ ಮುಲಾಮು ಕೊಟ್ಟರು. ಅದಕ್ಕೆ ಬಗ್ಗಲಿಲ್ಲ ಅಂತ ತವರಾದ ದೇವದುರ್ಗದ ಕಡೆಗೆ ಹೋಗಿ ಬೇರಿನ ಲೇಪ ಹಚ್ಚಿಸಿಕೊಂಡು ಬಂದಳು. ಅದರಿಂದ ಕೆನ್ನೆ ಸುಟ್ಟು ಇನ್ನಷ್ಟು ಕೆಟ್ಟಿತು. ಸೆರಗಿನ ತುದಿಯಿಂದ ಮುಚ್ಚಿಕೊಳ್ಳುವುದು ರೂಢಿಯಾಯಿತು.

ಆ ಅವ್ವ ರೊಟ್ಟಿ ಬಡಿಯುವುದರಲ್ಲಿ ಊರಿಗೇ ಹೆಸರಾದವಳು. ಯಾರ ಮನೆ ಮದುವೆಯಿದ್ದರೂ ನಾಲ್ಕು ದಿನ ಮುಂಚೆ ಅವಳಿಗೆ ಕರೆ ಬರುತ್ತಿತ್ತು. ಹತ್ತು ಹೆಂಗಸರ ನಡುವೆ ಕೂತು, ಜೋಳದ ಹಿಟ್ಟಿನ ಗುಡ್ಡೆ ಕರಗಿಸುವವರೆಗೂ ಅವಳ ಕೈ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ಬೇಸಿಗೆಯಲ್ಲಿ ಪಕ್ಕದ ಓಣಿಯ ಮದುವೆಗೆ ಅವಳನ್ನು ಕರೆಯಲಿಲ್ಲ. ದೊಡ್ಡ ರೋಗ ಬಂದಿದೆ, ಅವಳ ಕೈ ರೊಟ್ಟಿ ಹೇಗೆ ತಿನ್ನುವುದು ಅಂತ ಮಾತಾಗಿತ್ತು. ಕುಷ್ಠ ಎನ್ನುವ ಶಬ್ದ ಯಾರೂ ಅವಳ ಮುಂದೆ ಆಡಲಿಲ್ಲ. ಬಡಿಯುವ ಸದ್ದು ಮಾತ್ರ ನಾಲ್ಕು ದಿನ ಗೋಡೆಯಾಚೆಯಿಂದ ಕೇಳಿಸಿತು ಅಂತ ಅವ್ವನೇ ನನಗೆ ಹೇಳಿದಳು. "ಯಾರೋ ಹೊಸಬರು ಬಡ್ಯಾಕತ್ತಿದ್ರು ಅಕ್ಕಾರ. ಕೈ ಭಾಳ ಸಾವಕಾಶ" ಅಂದು ಎಮ್ಮೆಯ ಕಡೆ ತಿರುಗಿ ಕೂತಳು. ನನಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದಷ್ಟೇ, ಗಂಟೆ ಮುಗಿದ ಮೇಲೆ ಶೀಶೆಗೆ ಚೀಟಿ ಅಂಟಿಸಿ ಹೊರಟೆ.

ಮಳೆಗಾಲ ಶುರುವಾದ ಮೇಲೆ ರಾಯಚೂರಿನಲ್ಲಿ ತುರ್ತು ಸಭೆ ಕರೆದರು. ದೇವದುರ್ಗದ ಕಡೆಯ ಇಬ್ಬರಿಗೆ ಬಹಳ ದಿನದ ಹುಣ್ಣಿತ್ತಂತೆ. ಕೆರೆದು ನೋಡಿದಾಗ ಲೀಷ್ಮೇನಿಯಾ ಸಿಕ್ಕಿತಂತೆ. ಇಬ್ಬರೂ ರಾಯಚೂರು ಜಿಲ್ಲೆ ದಾಟಿ ಹೋದವರಲ್ಲ, ರೈಲು ಹತ್ತಿದವರೂ ಅಲ್ಲ. ಸಾಹೇಬರು ಮೊಬೈಲಿನಲ್ಲಿ ಹುಣ್ಣಿನ ಫೋಟೋ ತೋರಿಸಿದರು. ನಡುವೆ ಗುಂಡಿ, ಸುತ್ತ ಎದ್ದ ದಡ, ಮೇಲೆ ಹಕ್ಕಳೆ. ಮೊಬೈಲು ಕೈಯಿಂದ ಕೈಗೆ ಬಂದು ನನ್ನ ಕೈಗೆ ಬಂತು. ಅದು ಯಾರದೋ ಮೊಣಕೈ. ನನಗೆ ಕಂಡಿದ್ದು ಅವ್ವನ ಕೆನ್ನೆ. ಆ ಕೆನ್ನೆಯನ್ನು ನಾನು ಐದು ತಿಂಗಳು ಒಂದು ಮೊಳ ದೂರದಿಂದ ನೋಡಿದ್ದೆ. ಕೂದಲೆಳೆಯಷ್ಟು ಸಣ್ಣ ನೊಣದ ಗಂಟಲಿನ ಹಲ್ಲು ಎಣಿಸಿ ಜಾತಿ ಹೇಳುವ ಕಣ್ಣಿಗೆ ಒಂದು ರೂಪಾಯಿ ಅಗಲದ ಹುಣ್ಣು ಕಂಡಿರಲಿಲ್ಲ.

ಮರುದಿನ ಅವ್ವನನ್ನು ಬಸ್ಸಿನಲ್ಲಿ ರಾಯಚೂರಿನ ದವಾಖಾನೆಗೆ ಕರೆದುಕೊಂಡು ಹೋದೆ. ಹುಣ್ಣಿನ ದಡದಿಂದ ಕೆರೆದು ಗಾಜಿಗೆ ಸವರಿ ಬಣ್ಣ ಹಾಕಿದರು. ಸೂಕ್ಷ್ಮದರ್ಶಕದಲ್ಲಿ ನೋಡುವಾಗ ನನ್ನನ್ನೂ ಕರೆದರು. ಜೀವಕೋಶದೊಳಗೆ ದುಂಡನೆಯ ಚುಕ್ಕೆಗಳು, ಒಂದೊಂದರ ಪಕ್ಕದಲ್ಲೂ ಸಣ್ಣ ಕಡ್ಡಿ. ಪುಸ್ತಕದಲ್ಲಿ ನೋಡಿದ್ದ ಲೀಷ್ಮೇನಿಯಾದ ಚಿತ್ರ. ಹೊರಗೆ ಬೆಂಚಿನ ಮೇಲೆ ಅವ್ವ ಕಾಯುತ್ತಿದ್ದಳು. "ದೊಡ್ಡ ರೋಗ ಅಲ್ಲ ಯವ್ವಾ, ಆರಾಮ ಆಗ್ತದ" ಅಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. "ಹುಳ ಕಡದು ಬಂದದ್ದಂತ, ಕುಷ್ಠ ಅಲ್ಲಂತ ಊರಾಗ ನೀವ ಒಂದು ಮಾತು ಹೇಳ್ರಿ" ಅಂತ ಬೇಡಿಕೊಂಡಳು. ಹುಳ ಎಲ್ಲಿಂದ ಬಂತು ಅಂತ ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವತ್ತು ಹೇಳಬಹುದಿತ್ತು.

ವಾರಕ್ಕೊಮ್ಮೆ ಹುಣ್ಣಿನ ದಡದೊಳಗೇ ಸೂಜಿ ಚುಚ್ಚುತ್ತಿದ್ದರು. ನೋವಿಲ್ಲದ ಹುಣ್ಣಿಗೆ ನೋವಿನ ಮದ್ದು. ಅವ್ವ ನನ್ನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚುತ್ತಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಸೆರಗಿನಿಂದ ಗಂಟು ಬಿಚ್ಚಿ ನನಗಾಗಿ ತಂದ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಿದ್ದಳು. ಬೇಡ ಅಂದರೆ ನಾನೂ ಅವಳ ಕೈಯ ರೊಟ್ಟಿಗೆ ಹೇಸಿದಂತಾಗುತ್ತದೆ. ತಿನ್ನುತ್ತಿದ್ದೆ.

ಅಷ್ಟರಲ್ಲಿ ನನಗೆ ಹೆಸರು ಬಂದಿತ್ತು. ಮಾನ್ವಿ ಕಡೆಯ ಮೊದಲ ರೋಗಿಯನ್ನು ಪತ್ತೆ ಹಚ್ಚಿದವಳು ಅಂತ ಸಭೆಯಲ್ಲಿ ಚಪ್ಪಾಳೆ ತಟ್ಟಿದರು. ಕಚೇರಿಯ ನಕ್ಷೆಯಲ್ಲಿ ದೇವದುರ್ಗದ ಹತ್ತಿರ ಎರಡು ಗುಂಡುಪಿನ್ನು, ಕಾಲುವೆಯ ಈಚೆ ಅವ್ವನ ಊರಿಗೊಂದು. ಆಮೇಲೆ ಬಾಗಲವಾಡದ ದಾರಿಯಲ್ಲೂ ಒಂದು ಬಂತು. ರೋಗ ಯಾವ ಕಡೆಯಿಂದ ಯಾವ ಕಡೆಗೆ ಹಬ್ಬುತ್ತಿದೆ, ಎಲ್ಲಿ ಯಾವ ಜಾತಿಯ ನೊಣ ಇದೆ ಅಂತ ಟಿಪ್ಪಣಿ ಬರೆಯಲು ನನಗೇ ಹೇಳಿದರು. ಬರೆದೆ. ಎಲ್ಲ ಠಾಣೆಗಳ ತಿಂಗಳ ಎಣಿಕೆಯ ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆದಾಗ ಒಂದು ಗೆರೆ ಎಲ್ಲಕ್ಕಿಂತ ಮೇಲೆ ಹೋಗಿತ್ತು. ಮಹಾನವಮಿಯ ಮುಂದಿನ ತಿಂಗಳಲ್ಲಿ ಅದು ಇನ್ನೂ ಮೇಲೆ ಜಿಗಿದಿತ್ತು. ಅದು ಅವ್ವನ ಗೋಡೆ. ಯಾಕೆ ಜಿಗಿಯಿತು ಅಂತ ಸಾಹೇಬರು ಕೇಳಿದರು. ತೇವಾಂಶ ಇರಬಹುದು ಸರ್ ಅಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಜೊತೆಗೆ ಕೆಲಸ ಮಾಡುವವಳೊಬ್ಬಳ ಹತ್ತಿರ ಒಮ್ಮೆ ಮಾತ್ರ ಬಾಯಿಬಿಟ್ಟೆ. ಅವಳು ಸಮಾಧಾನ ಹೇಳಿದಳು. ಕಚ್ಚಿದ ನೊಣ ಆ ಗೋಡೆಯದೇ ಅಂತ ಹೇಗೆ ಹೇಳುತ್ತೀಯಾ, ಗದ್ದೆಯ ಬದುವಿನದಿರಬಹುದು, ಪಕ್ಕದ ಮನೆಯದಿರಬಹುದು, ಹಿಂದೆ ಯಾವಾಗಲೋ ದೇವದುರ್ಗಕ್ಕೆ ತವರಿಗೆ ಹೋದಾಗ ಕಚ್ಚಿರಬಹುದು. ಎಲ್ಲವೂ ಖರೆ. ಯಾವ ನೊಣದ ಮೇಲೂ ಮನೆ ನಂಬರು ಬರೆದಿರುವುದಿಲ್ಲ. ಆ ಉತ್ತರ ಎಷ್ಟು ಅನುಕೂಲವಾಗಿತ್ತೆಂದರೆ ಅದನ್ನು ಹಲವು ತಿಂಗಳು ಹೊದ್ದುಕೊಂಡು ಮಲಗಿದೆ. ಆದರೆ ಆ ಹೊರಸಿಗೆ ಕೈ ಹಚ್ಚಿದವಳು ನಾನು. ಮಣ್ಣು ಕಲಸಿದ ಹೆಣ್ಣುಮಗಳ ಕೈ ತಡೆದವಳು ನಾನು. ಇದಕ್ಕೆ ಸೂಕ್ಷ್ಮದರ್ಶಕ ಬೇಕಿರಲಿಲ್ಲ.

ಹುಣ್ಣು ಮಾಯಿತು. ಕೆನ್ನೆಯ ಮೇಲೆ ತೆಳುವಾದ, ಎಳೆದು ಹಿಡಿದಂತಹ ಕಲೆ ಉಳಿಯಿತು. ಊರಲ್ಲಿ ನಾನು ಮನೆಮನೆಗೆ ಹೋಗಿ ಇದು ಕುಷ್ಠವಲ್ಲ, ಮುಟ್ಟಿದರೆ ಬರುವುದಿಲ್ಲ ಅಂತ ಹೇಳಿದೆ. ತಲೆಯಾಡಿಸಿದರು. ಮುಂದಿನ ಮದುವೆಗೆ ಅವ್ವನಿಗೆ ಕರೆ ಬಂತು, ಊಟಕ್ಕೆ ಮಾತ್ರ. ರೊಟ್ಟಿಗೆ ಬರಲಿಲ್ಲ.

ಎರಡನೆಯ ಮಹಾನವಮಿ ಬಂದು ಹೋಯಿತು. ನಮ್ಮ ಠಾಣೆಯ ಕೆಲಸ ನಿಲ್ಲಿಸಿ ಔಷಧಿ ಹೊಡೆಯುವ ತಂಡ ಕಳಿಸಿದ್ದರು, ಹಾಗಾಗಿ ನಾನು ಆ ಕಡೆ ಹೋಗಿರಲಿಲ್ಲ. ತಂಡದವನೊಬ್ಬ ಮಾನ್ವಿಯಲ್ಲಿ ಚಹಾದಂಗಡಿಯ ಮುಂದೆ ಸಿಕ್ಕ.

"ಅಲ್ಲೊಬ್ಬಾಕಿ ಮುದುಕಿ ಭಾಳ ತಕರಾರು ಮಾಡಿದ್ಲು ಮೇಡಂ" ಅಂದ. "ಕೊಟ್ಟಿಗ್ಯಾಗ ಎಲ್ಲಾ ಕಡಿ ಹೊಡೀರಿ, ಆ ಹಿಂದಿನ ಗ್ವಾಡಿ ಮುಟ್ಟಬ್ಯಾಡ್ರಿ ಅಂತ ಅಡ್ಡ ನಿಂತ್ಲು. ಅದು ಅಕ್ಕಾರ್ದು ಅದ, ಅವ್ರು ಹೇಳಬೇಕು ಅಂತ. ಬಿಟ್ಟು ಬಂದ್ವಿ."

ಚಹಾ ಅಲ್ಲೇ ಇಟ್ಟೆ. ಹೇಗೆ ಸ್ಕೂಟಿ ಓಡಿಸಿದೆನೋ ಗೊತ್ತಿಲ್ಲ. ಅವ್ವ ಎಮ್ಮೆಗೆ ಹೊಟ್ಟು ಕಲಸುತ್ತಿದ್ದಳು. ಮೂರು ಗೋಡೆ ಮತ್ತೆ ಬೆಳ್ಳಗೆ, ಅಂಚು ಮತ್ತೆ ಕೆಂಪಗೆ. ಹೊರಸಿನ ಹಿಂದೆ ಅದೇ ಹರಕು ಗೋಡೆ. ಹೊರಸು ಅಲ್ಲೇ ಇತ್ತು, ಕೌದಿ ಅಲ್ಲೇ ಇತ್ತು.

"ಬರ್ರಿ ಅಕ್ಕಾರ, ನಿಮ್ಮ ಗ್ವಾಡಿ ಹಂಗ ಇಟ್ಟೀನಿ ನೋಡ್ರಿ" ಅಂದಳು.

ನಿಂತಲ್ಲೇ ಎಲ್ಲ ಹೇಳಿದೆ. ಆ ಬಿರುಕಿನಲ್ಲಿ ಇದ್ದದ್ದೇ ಆ ರೋಗದ ಹುಳ, ಮೆತ್ತಿದ್ದರೆ ಬಹಳ ಕಡಿಮೆಯಾಗುತ್ತಿತ್ತು, ಬೇಡ ಅಂದವಳು ನಾನು, ನನ್ನ ಕೆಲಸ ಚೆಂದ ಕಾಣಲಿ ಅಂತ ಅಂದೆ, ಸರಕಾರ ಹೇಳಿರಲಿಲ್ಲ. ತಪ್ಪಾಯಿತು ಅಂದೆ. ಅವಳು ಕಲಸುವುದನ್ನು ನಿಲ್ಲಿಸಿದಳು. ಕೈಗೆ ಅಂಟಿದ ಹೊಟ್ಟನ್ನು ಬುಟ್ಟಿಯ ಅಂಚಿಗೆ ಒರೆಸಿದಳು. ಅವಳ ಕೈ ಕೆನ್ನೆಗೆ ಹೋಗುತ್ತದೆ ಅಂದುಕೊಂಡೆ, ಹೋಗಲಿಲ್ಲ.

"ಅವತ್ತ ನಿಮಗ ಗೊತ್ತಿತ್ತೇನ್ರಿ, ಹುಳ ಕಡದ್ರ ಹಿಂಗ ಆಗ್ತದಂತ?"

"ಬ್ಯಾರೆ ಕಡಿ ಆಗ್ತದಂತ ಗೊತ್ತಿತ್ತು ಯವ್ವಾ. ನಮ್ಮ ಕಡಿ ರೋಗ ಇಲ್ಲಂತ ತಿಳದಿದ್ದೆ."

"ಹುಳ ಇದ್ದುವಲ್ರಿ" ಅಂದಳು.

ಜಗಳದ ದನಿಯಲ್ಲ. ನಾನು ಹಿಡಿದ ಹುಳಗಳನ್ನು ಪಕ್ಕದಲ್ಲಿ ಕೂತು ಪ್ರತಿ ತಿಂಗಳು ನೋಡಿದವಳು ಅವಳು. ಅವಳು ಗೋಡೆಯ ಕಡೆ ನೋಡಿದಳು. ಬೈಯಲಿ ಅಂತ ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಅದಕ್ಕೇ ಕಾಯುತ್ತಿದ್ದೆ ಅಂತಲೂ ಗೊತ್ತಿತ್ತು.

ಕೊನೆಗೆ ನನ್ನ ಕಡೆ ತಿರುಗಿದಳು. "ಹಂಗಾರ ಈಗ ಮೆತ್ಲೇನ್ರಿ?" ಅಂದಳು.

ಅದರಲ್ಲಿ ಕುಹಕ ಇರಲಿಲ್ಲ. ಎರಡು ಮಹಾನವಮಿ ಕಾದು, ತನ್ನ ಮನೆಯ ಗೋಡೆಗೆ ಮಣ್ಣು ಮೆತ್ತಲು ಆ ಅವ್ವ ನನ್ನ ಅಪ್ಪಣೆ ಕೇಳುತ್ತಿದ್ದಳು. ಅವತ್ತು ಗುಳ್ಳೆ ತೋರಿಸಿದಾಗ ಮಾಡಿದ ಹಾಗೇ ಬರೀ ತಲೆಯಾಡಿಸಿದೆ. ಅವಳು ಎಮ್ಮೆಯನ್ನು ಬಿಚ್ಚಿ ಹೊರಗೆ ಕಟ್ಟಿದಳು. ಹೊರಸಿನ ಒಂದು ತುದಿ ಹಿಡಿದು, ಇನ್ನೊಂದು ತುದಿಗೆ ನಾನು ಕೈ ಹಚ್ಚುವ ಮೊದಲೇ, ಒಬ್ಬಳೇ ಅಂಗಳಕ್ಕೆ ಎಳೆದುಕೊಂಡು ಹೋದಳು.